ತಲೆಗೆ ಪೆಟ್ಟು ಬಿದ್ದರೆ ಕಣ್ಣಿಗೇಕೆ ಸ್ಕ್ಯಾನ್?

ಪ್ರಶ್ನೆ: ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ನನ್ನ ತಮ್ಮನನ್ನು ಕಳೆದ ತಿಂಗಳು ಮೈಸೂರಿನ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಿದ್ದೆವು. ಸಿಟಿ ಸ್ಕ್ಯಾನ್ ಆದ ಮೇಲೂ ವೈದ್ಯರು ದಿನವೂ ಅವನ ಮುಚ್ಚಿದ ರೆಪ್ಪೆಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಡುತ್ತಿದ್ದರು. ತಲೆಯೊಳಗಿನ ಒತ್ತಡವನ್ನು ನೋಡುತ್ತಿದ್ದೇವೆ ಎಂದರು. ಅದು ಕಣ್ಣಿನಲ್ಲಿ ಹೇಗೆ ತಿಳಿಯುತ್ತದೆ? ಕಣ್ಣಿಗೆ ತೊಂದರೆಯಿಲ್ಲವೇ? ಈಗ ಅವನು ಮನೆಯಲ್ಲಿದ್ದಾನೆ.
– ಓದುಗರೊಬ್ಬರು, ಮದ್ದೂರು

ಉತ್ತರ: ವೈದ್ಯರು ಅಳೆಯುತ್ತಿದ್ದುದು ಕಣ್ಣುಗುಡ್ಡೆಯ ಹಿಂದಿನಿಂದ ಮಿದುಳಿನತ್ತ ಸಾಗುವ ದೃಷ್ಟಿನರದ ಹೊದಿಕೆಯ ಅಗಲವನ್ನು. ಮಿದುಳನ್ನು ಸುತ್ತಿರುವ ಪೊರೆಗಳೇ ಮುಂದುವರಿದು ಈ ನರವನ್ನೂ ಸುತ್ತಿಕೊಂಡು ಕಣ್ಣಿನವರೆಗೆ ಬರುತ್ತವೆ. ಪೊರೆಗಳ ನಡುವೆ ಇರುವುದೂ ಮಿದುಳಿನ ಸುತ್ತಲಿನ ದ್ರವವೇ. ತಲೆಬುರುಡೆ ಹಿಗ್ಗದ ಮೂಳೆಯಾದ್ದರಿಂದ, ರಕ್ತಸ್ರಾವದಿಂದಲೋ ಊತದಿಂದಲೋ ಒಳಗೆ ಒತ್ತಡ ಏರಿದಾಗ ಆ ದ್ರವ ನರದ ಹೊದಿಕೆಯೊಳಕ್ಕೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಗುಡ್ಡೆಯಿಂದ 3 ಮಿಲಿಮೀಟರ್ ಹಿಂದೆ ಈ ಉಬ್ಬು ಹೆಚ್ಚು ಸ್ಪಷ್ಟವಾಗಿರುವುದರಿಂದ ಅಲ್ಲಿಯೇ ಅಳೆಯುತ್ತಾರೆ.

ವಯಸ್ಕರಲ್ಲಿ ಈ ಅಗಲ ಸಾಮಾನ್ಯವಾಗಿ 5 ಮಿಲಿಮೀಟರಿನೊಳಗೆ ಇರುತ್ತದೆ. 6ರ ಹತ್ತಿರಕ್ಕೆ ಬಂದರೆ ತಲೆಯೊಳಗಿನ ಒತ್ತಡ ಪಾದರಸದ 20 ಮಿಲಿಮೀಟರ್ ದಾಟಿರಬಹುದೆಂಬ ಶಂಕೆ ಬಲವಾಗುತ್ತದೆ. ಮಲಗಿರುವ ಆರೋಗ್ಯವಂತ ವಯಸ್ಕರಲ್ಲಿ ಈ ಒತ್ತಡ ಸುಮಾರು 7ರಿಂದ 15. ಆದರೆ ಎಲ್ಲರಿಗೂ ಒಪ್ಪುವ ಒಂದೇ ಗಡಿಯಿಲ್ಲ, ಅಳೆಯುವವರ ಕೈ ಪಳಗಿರಬೇಕು, ಅರ್ಧ ಮಿಲಿಮೀಟರಿನ ತಪ್ಪೂ ತೀರ್ಮಾನವನ್ನು ಬದಲಿಸೀತು. ಒತ್ತಡವನ್ನು ನಿಖರವಾಗಿ ತಿಳಿಯಬೇಕಾದರೆ ಬುರುಡೆಗೆ ಸಣ್ಣ ರಂಧ್ರ ಕೊರೆದು ನಳಿಕೆ ಇಡಬೇಕಾಗುತ್ತದೆ. ಅದರಲ್ಲಿ ಸೋಂಕು, ರಕ್ತಸ್ರಾವಗಳ ಅಪಾಯವಿದೆ. ಇನ್ನು ಸಿಟಿ ಸ್ಕ್ಯಾನ್ ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂಬುದನ್ನು ತೋರಿಸುತ್ತದೆ. ಆದರೆ ವೆಂಟಿಲೇಟರ್ ಮೇಲಿರುವ ರೋಗಿಯನ್ನು ಪದೇ ಪದೇ ಅಲ್ಲಿಗೆ ಸಾಗಿಸುವುದು ಸುಲಭವಲ್ಲ. ಹಾಸಿಗೆಯ ಬಳಿಯೇ ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ಪರೀಕ್ಷೆಯ ನಿಜವಾದ ಬೆಲೆ, ನನ್ನ ದೃಷ್ಟಿಯಲ್ಲಿ, ಒಂದು ದಿನದ ಅಂಕಿಯಲ್ಲಿಲ್ಲ. ಅದೇ ರೋಗಿಯಲ್ಲಿ ನಿನ್ನೆಗಿಂತ ಇಂದು ಅಗಲ ಹೆಚ್ಚಿದೆಯೇ ಎಂಬುದರಲ್ಲಿದೆ. ನಿಮ್ಮ ತಮ್ಮನಿಗೆ ದಿನವೂ ಮಾಡಿದ್ದು ಅದಕ್ಕಾಗಿಯೇ ಇರಬೇಕು.

ಕಣ್ಣಿನ ಬಗ್ಗೆ ಆತಂಕ ಬೇಡ. ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌-ರೇ ಕಿರಣಗಳಿಲ್ಲ; ಶಬ್ದತರಂಗದ ಶಕ್ತಿಯನ್ನು ಕಣ್ಣಿಗೆ ತಕ್ಕಂತೆ ತಗ್ಗಿಸಿ, ಪ್ರೋಬನ್ನು ಒತ್ತದೆ ಹಗುರವಾಗಿ ಇಡುತ್ತಾರೆ. ಗುಡ್ಡೆಯೇ ಒಡೆದಿರುವ ಅನುಮಾನವಿದ್ದರೆ ಮಾತ್ರ ಈ ಪರೀಕ್ಷೆ ಮಾಡಬಾರದು.

ನಿಮ್ಮ ತಮ್ಮ ಈಗ ಮನೆಯಲ್ಲಿದ್ದಾರೆ ಎಂದಿದ್ದೀರಿ, ಸಂತೋಷ. ಆದರೂ ಪೆಟ್ಟಾದ ವಾರಗಳ ನಂತರ ಮಿದುಳಿಗೂ ಅದರ ಹೊರಪೊರೆಗೂ ನಡುವೆ ನಿಧಾನವಾಗಿ ರಕ್ತ ಸೇರುವುದುಂಟು. ತಲೆನೋವು ದಿನೇ ದಿನೇ ಹೆಚ್ಚಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು, ಮಾತಿನ ತೊದಲು, ಒಂದು ಕೈಕಾಲಿನ ಸೋಲು ಅಥವಾ ಫಿಟ್ಸ್ ಕಂಡರೆ, ಕಣ್ಣಿನ ಸ್ಕ್ಯಾನ್ ಎಲ್ಲಿ ಮಾಡುತ್ತಾರೆಂದು ವಿಚಾರಿಸುತ್ತ ಹೊತ್ತು ಕಳೆಯದೆ, ಮಂಡ್ಯವೋ ಮೈಸೂರೋ ಯಾವುದು ಬೇಗ ತಲುಪುವುದೋ ಅಲ್ಲಿನ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ.