ವಸಡಿನ ರಕ್ತಸ್ರಾವಕ್ಕೆ ಮಾತ್ರೆಯೊಂದೇ ಸಾಕೇ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ, ಸಕ್ಕರೆ ಕಾಯಿಲೆಯಿದೆ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ, ಕೆಳಗಿನ ಹಲ್ಲುಗಳು ಅಲುಗಾಡುತ್ತಿವೆ. ಔಷಧ ಅಂಗಡಿಯಿಂದ ಮೆಟ್ರೊನಿಡಜೋಲ್, ಅಮಾಕ್ಸಿಸಿಲಿನ್ ತಂದು ಕೊಟ್ಟರೆ ಕೆಲವು ದಿನ ಕಡಿಮೆಯಾಗಿ ಮತ್ತೆ ಮರುಕಳಿಸುತ್ತದೆ. ಈಗ ಮೇಲಿನ ಹಲ್ಲಿನ ಸೆಟ್ಟಿನಡಿ ಅಂಗುಳು ಕೆಂಪಾಗಿ ಉರಿಯುತ್ತಿದೆ. ಇನ್ನೂ ಬಲವಾದ ಆಂಟಿಬಯಾಟಿಕ್ ಬೇಕೇ?
– ಓದುಗರು, ದಾವಣಗೆರೆ

ಉತ್ತರ: ಬೇಡ, ದಯವಿಟ್ಟು ಅಂಗಡಿಯಿಂದ ನೀವೇ ಮಾತ್ರೆ ತಂದು ಕೊಡುವುದನ್ನು ಇಂದೇ ನಿಲ್ಲಿಸಿ. ವಸಡಿನ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾಗಳು ಹಲ್ಲಿನ ಬೇರಿನ ಮೇಲೆ ಅಂಟಾದ ಪದರ ಕಟ್ಟಿಕೊಂಡು, ಅಲ್ಲೇ ಗಟ್ಟಿಯಾದ ಕಿಟ್ಟದ ಆಸರೆಯಲ್ಲಿ ಬದುಕುತ್ತವೆ. ರಕ್ತದ ಮೂಲಕ ಬರುವ ಔಷಧ ಆ ಪದರದ ಒಳಕ್ಕೆ ಸಾಕಷ್ಟು ಇಳಿಯುವುದಿಲ್ಲ. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸುವಂತೆ ಹೇಳಿದಾಗ, ಎರಡು ಮೂರು ವಾರಗಳೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಆರಂಭಿಸಿದ ಬಳಿಕ ಯಾವ ಔಷಧವೂ ಇಲ್ಲದೆ ವಾಸಿಯಾಯಿತು. ನಿಮ್ಮ ತಾಯಿಯವರಲ್ಲಿ ರೋಗ ಮೂಳೆಯವರೆಗೂ ಇಳಿದಿರುವ ಸಾಧ್ಯತೆ ಇರುವುದರಿಂದ ಉಜ್ಜುವುದಷ್ಟೇ ಸಾಲದು. ವಸಡಿನ ತಜ್ಞರು ಬೇರಿನ ಮೇಲ್ಮೈಯನ್ನು ಆಳದವರೆಗೆ ಸ್ವಚ್ಛಗೊಳಿಸಬೇಕು. ಆಂಟಿಬಯಾಟಿಕ್ ಬೇಕಾದರೆ ಅದು ಈ ಚಿಕಿತ್ಸೆಯ ಜೊತೆಗೆ, ಆಯ್ದ ಕೆಲವರಿಗೆ ಮಾತ್ರ. ಸಕ್ಕರೆಯ ಅಂಶ ಹತೋಟಿಯಲ್ಲಿಲ್ಲದಿದ್ದರೆ ವಸಡು ಹದಗೆಡುತ್ತದೆ, ವಸಡಿನ ಉರಿಯೂತ ಸಕ್ಕರೆಯನ್ನು ಏರಿಸುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಿಸಿ.

ಶುಚಿಗೊಳಿಸಿದ ನಂತರ ವೈದ್ಯರು ಸಾಮಾನ್ಯವಾಗಿ 0.2 ಪ್ರತಿಶತ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು, ಒಮ್ಮೆಗೆ 10 ಮಿಲಿಲೀಟರಿನಂತೆ ದಿನಕ್ಕೆರಡು ಬಾರಿ, ಒಂದೆರಡು ವಾರ ಮುಕ್ಕಳಿಸಲು ಬರೆದುಕೊಡುತ್ತಾರೆ. ಟೂತ್‌ಪೇಸ್ಟಿನ ನೊರೆಯ ಅಂಶ ಇದರ ಶಕ್ತಿ ಕುಂದಿಸುವುದರಿಂದ ಹಲ್ಲುಜ್ಜಿ ಅರ್ಧ ಗಂಟೆಯಾದರೂ ಬಿಟ್ಟು ಬಳಸಿ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ನಾಲಿಗೆಯ ರುಚಿಯೂ ಕೆಡಬಹುದು.

ಅಂಗುಳಿನ ಉರಿ ಬಹುಶಃ ಬೇರೆಯೇ ಸೋಂಕು: ಕ್ಯಾಂಡಿಡಾ ಎಂಬ ಶಿಲೀಂಧ್ರ. ಇದರ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಅಷ್ಟೇ ಅಲ್ಲ, ಬಾಯಿಯ ಸಹಜ ಬ್ಯಾಕ್ಟೀರಿಯಾಗಳನ್ನು ಅಳಿಸಿ ಶಿಲೀಂಧ್ರಕ್ಕೆ ಜಾಗ ಮಾಡಿಕೊಡುತ್ತದೆ. ಮೊದಲು, ರಾತ್ರಿ ಮಲಗುವಾಗ ಸೆಟ್ಟನ್ನು ತೆಗೆದು, ಬ್ರಷ್ಷಿನಿಂದ ಉಜ್ಜಿ ತೊಳೆದಿಡಿ. ವೈದ್ಯರು ಪರೀಕ್ಷಿಸಿ ಖಚಿತಪಡಿಸಿದರೆ ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್ ಹಚ್ಚಲು ಕೊಡುತ್ತಾರೆ. ನಿಸ್ಟಾಟಿನ್ ಕೊಟ್ಟರೆ ಅದನ್ನೂ ಕ್ಲೋರ್‌ಹೆಕ್ಸಿಡಿನನ್ನೂ ಒಟ್ಟಿಗೆ ಬಳಸಬಾರದು, ಒಂದು ಇನ್ನೊಂದರ ಪರಿಣಾಮವನ್ನು ಕುಗ್ಗಿಸುತ್ತದೆ. ತಾಯಿಯವರು ರಕ್ತ ತೆಳುಗೊಳಿಸುವ ವಾರ್ಫರಿನ್ ಸೇವಿಸುತ್ತಿದ್ದರೆ ಅದನ್ನು ಮರೆಯದೆ ತಿಳಿಸಿ. ಮೆಟ್ರೊನಿಡಜೋಲ್ ಹಾಗೂ ಬಾಯಿಗೆ ಹಚ್ಚುವ ಶಿಲೀಂಧ್ರನಾಶಕ ಮೈಕೊನಜೋಲ್ ಎರಡೂ ಅದರ ಪ್ರಭಾವವನ್ನು ಅಪಾಯಕಾರಿಯಾಗಿ ಹೆಚ್ಚಿಸಬಲ್ಲವು.

ಅವರಿಗೆ ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡಬೇಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆ ಅಥವಾ ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ, ಔಷಧ ಹಚ್ಚುತ್ತ ಕಾಯದೆ ಕೂಡಲೇ ದಂತವೈದ್ಯರಿಗೆ ತೋರಿಸಿ.