ಓದುಗರ ಪ್ರಶ್ನೆ: ಗುಡ್ಡದ ಮರೆಯ ಎಫ್‌ಎಂ, ಡಬ್ಬಿಯೊಳಗಿನ ಆಂಟೆನಾ

ಪ್ರಶ್ನೆ: ನಮ್ಮ ಮನೆ ಗುಡ್ಡದ ಮಗ್ಗುಲಿಗಿದೆ. ಚಿತ್ರದುರ್ಗ ಆಕಾಶವಾಣಿಯ 102.6 ಎಫ್‌ಎಂ ಒಳಗೆ ಬರೀ ಗೊರಗೊರ, ಮಾಳಿಗೆ ಹತ್ತಿದರೆ ಪರವಾಗಿಲ್ಲ. ಬೂಸ್ಟರ್ ತರಬೇಕೆ?
– ಓದುಗರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ಬೂಸ್ಟರಿಗೆ ಈಗಲೇ ದುಡ್ಡು ಹಾಕಬೇಡಿ. ಅದು ಹಾಡನ್ನೂ ಗೊರಗೊರವನ್ನೂ ಒಟ್ಟಿಗೇ ಎತ್ತುತ್ತದೆ. ಮಾಳಿಗೆಯಲ್ಲಿ ಕೇಳಿಸುತ್ತಿದೆಯಲ್ಲ, ಅಲೆ ಅಲ್ಲಿಯವರೆಗೆ ಬಂದಿದೆ, ಕೆಳಗಿಳಿಸುವುದಷ್ಟೇ ಬಾಕಿ. 102.6 ಮೆಗಾಹರ್ಟ್ಸ್ ಅಲೆಯ ಉದ್ದ 2.92 ಮೀಟರ್. ಇಷ್ಟು ಗಿಡ್ಡ ಅಲೆ ಗುಡ್ಡವನ್ನು ಸುತ್ತಿ ಬರುವುದು ಕಡಿಮೆ. ಬಂದಷ್ಟನ್ನೂ ಆರ್‌ಸಿಸಿಯೊಳಗಿನ ಕಬ್ಬಿಣ ತಡೆಯುತ್ತದೆ.

ಮಾಳಿಗೆ ಮೇಲೆ ಒಂದು ಡೈಪೋಲ್, ಅಂದರೆ ಎರಡು ಕಡ್ಡಿಯ ಆಂಟೆನಾ, ಕಟ್ಟಿ. ಅರ್ಧ ಅಲೆ 1.46 ಮೀಟರ್, ಕಡ್ಡಿಯ ತುದಿಗಳ ಪರಿಣಾಮಕ್ಕೆ ನೂರಕ್ಕೆ ಐದರಷ್ಟು ಕಳೆದರೆ 1.39. ಹಾಗಾಗಿ 69 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕೊಳವೆಗಳನ್ನು ಪಿವಿಸಿ ಪೈಪಿನ ಮೇಲೆ ಒಂದೇ ಸಾಲಿನಲ್ಲಿ, ನಡುವೆ ಒಂದು ಸೆಂಟಿಮೀಟರ್ ಬಿಟ್ಟು ಬಿಗಿಯಿರಿ. ಕಬ್ಬಿಣದ ಕಂಬಕ್ಕೆ ತಾಗಬಾರದು. ಡಿಶ್‌ಗೆ ಬಳಸುವ ಆರ್‌ಜಿ-6 ಕೇಬಲ್ ಸಾಕು: ಅದರ ಇಂಪೀಡೆನ್ಸ್ (ವಿದ್ಯುತ್ ತಡೆ) 75 ಓಮ್, ಡೈಪೋಲಿನದು ಸುಮಾರು 73, ಜೋಡಿ ಕೂಡುತ್ತದೆ. ಕೇಬಲ್ಲಿನ ನಡುತಂತಿ ಒಂದು ಕೊಳವೆಗೆ, ಅದರ ಸುತ್ತಲಿನ ಜಾಲರಿ ಇನ್ನೊಂದಕ್ಕೆ. ಜಾಲರಿ ಅಲ್ಯೂಮಿನಿಯಂ ಆದ್ದರಿಂದ ಬೆಸುಗೆ ಹಿಡಿಯುವುದಿಲ್ಲ. ಸ್ಕ್ರೂ, ವಾಷರ್ ಹಾಕಿ ಬಿಗಿ ಮಾಡಿ. ಈ ಕೂಡಿಗೆಗೆ ಮಳೆನೀರು ಇಳಿಯಿತೋ, ಮರುವರ್ಷ ಮತ್ತೆ ಗೊರಗೊರ. ಸಿಲಿಕೋನ್ ಮೆತ್ತಿ.

ಕೊಳವೆಯ ತುದಿ ಕೇಂದ್ರದ ಕಡೆ ಇರಬಾರದು, ಮಗ್ಗುಲು ಇರಬೇಕು. ಅಡ್ಡವಾಗಿಯೂ ನೆಟ್ಟಗೂ ಹಿಡಿದು ನೋಡಿ, ಯಾವುದು ಚೆನ್ನವೋ ಅದೇ ಇರಲಿ. ಗುಡ್ಡಕ್ಕೆ ಬಡಿದು ಬಂದ ಅಲೆ ನೇರ ಬಂದದ್ದನ್ನು ಕೆಲವು ಜಾಗದಲ್ಲಿ ಅಳಿಸಿಬಿಡುತ್ತದೆ. ಹಾಗಾದಲ್ಲಿ ಮುಕ್ಕಾಲು ಮೀಟರ್ ಆಚೀಚೆ ಸರಿಸಿದರೂ ಸಾಕು, ದನಿ ಬಿಚ್ಚಿಕೊಳ್ಳಬಹುದು. ರೇಡಿಯೊಗೆ ಆಂಟೆನಾ ಸಾಕೆಟ್ ಇಲ್ಲವೆ? ನಡುತಂತಿಯನ್ನು ಕ್ಲಿಪ್‌ನಿಂದ ಅದರ ಕಡ್ಡಿಗೆ ಸಿಕ್ಕಿಸಿ. ಗುಡುಗು ಶುರುವಾಗುವ ಮೊದಲೇ ಕೇಬಲ್ ಕಿತ್ತಿಡಿ.

ಪ್ರಶ್ನೆ: ಮೀಡಿಯಂ ವೇವ್‌ನಲ್ಲಿ ಹಗಲು ಇಲ್ಲದ ದೂರದ ಕೇಂದ್ರಗಳು ರಾತ್ರಿ ಬಂದು ಒಂದರ ಮೇಲೊಂದು ಬೀಳುವುದೇಕೆ?
– ಓದುಗರು, ದಾವಣಗೆರೆ

ಉತ್ತರ: ಹಗಲಲ್ಲಿ ವಾತಾವರಣದಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದ, ವಿದ್ಯುತ್ ಕಣಗಳ ಡಿ ಪದರ ಈ ಅಲೆಗಳನ್ನು ಹೀರುತ್ತದೆ. ಹೊತ್ತು ಮುಳುಗಿದ ಮೇಲೆ ಅದು ಕರಗುತ್ತದೆ. ಮೇಲಿನ ಪದರಗಳಿಗೆ ಮುಟ್ಟಿದ ಅಲೆ ನೂರಾರು ಕಿಲೋಮೀಟರ್ ಆಚೆ ನೆಲಕ್ಕೆ ಮರಳುತ್ತದೆ. ರೇಡಿಯೊವನ್ನು ನಿಧಾನ ತಿರುಗಿಸಿ: ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಯಾವ ಕೇಂದ್ರದ ಕಡೆ ಇರುತ್ತದೋ ಅದು ಕುಗ್ಗುತ್ತದೆ.

ಪ್ರಶ್ನೆ: ಬೋರ್‌ವೆಲ್ ಪಂಪನ್ನು ಫೋನ್ ಕರೆಯಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಕರೆ ಮಾಡಿದರೆ ಎತ್ತುವುದಿಲ್ಲ. ಪಕ್ಕದಲ್ಲೇ ನಿಂತರೆ ಫೋನಿನಲ್ಲಿ ಸಿಗ್ನಲ್ ಇದೆ.
– ಓದುಗರು, ಜಗಳೂರು

ಉತ್ತರ: ತಗಡಿನ ಡಬ್ಬಿ ತೆರೆದು ನೋಡಿ, ಆಂಟೆನಾ ಒಳಗೇ ಸುತ್ತಿಕೊಂಡು ಬಿದ್ದಿರುತ್ತದೆ. ಮುಚ್ಚಿದ ಲೋಹದ ಡಬ್ಬಿಗೆ ರೇಡಿಯೊ ಅಲೆ ನುಗ್ಗದು. ತೂತು ಕೊರೆದು, ರಬ್ಬರ್ ಗ್ರಾಮೆಟ್ ಹಾಕಿ, ಆಂಟೆನಾವನ್ನು ಡಬ್ಬಿಯ ಮೇಲೆ ನೆಟ್ಟಗೆ ಕೂರಿಸಿ. ಉದ್ದದ ತೆಳು ವೈರ್ ಕೊಂಡು ಮರಕ್ಕೆ ಏರಿಸಬೇಡಿ. 900 ಮೆಗಾಹರ್ಟ್ಸ್‌ನಲ್ಲಿ ಎತ್ತರದಿಂದ ಸಿಕ್ಕಿದ್ದು ವೈರಿನಲ್ಲೇ ಸೋರಿಹೋಗುತ್ತದೆ. ಎರಡು-ಮೂರು ಮೀಟರ್ ಸಾಕು. ಆಮೇಲೂ ಎತ್ತದಿದ್ದರೆ ಸಿಮ್ ನೋಡಿ: ಹಲವು ಸ್ಟಾರ್ಟರ್‌ಗಳು 2ಜಿಯವು, ಜಿಯೊಗೆ 2ಜಿ ಜಾಲವೇ ಇಲ್ಲ.