ಪಾಳಿ ಬದಲಾದಾಗ ಮಾತ್ರೆಯೂ ಬದಲಾದರೆ?

ಪ್ರಶ್ನೆ: ತಂದೆಗೆ 76 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ನಾಲ್ಕು ತಿಂಗಳು ಹುಬ್ಬಳ್ಳಿಯಲ್ಲಿ ಅಣ್ಣನ ಮನೆ, ನಾಲ್ಕು ತಿಂಗಳು ನಮ್ಮ ಮನೆ ಎಂದು ಪಾಳಿ ಮಾಡಿಕೊಂಡಿದ್ದೇವೆ. ಇಲ್ಲಿಗೆ ಬಂದ ಮೊದಲ ವಾರ ಪ್ರತಿಸಲವೂ ರಾತ್ರಿ ಊಟದ ಮುಂಚೆ ಬೆವರುತ್ತಾರೆ, ಕೈ ನಡುಗುತ್ತದೆ, ಏನೇನೋ ಮಾತಾಡುತ್ತಾರೆ. ಅರಳು ಮರಳು ಶುರುವಾಯಿತೇ?
– ಓದುಗರು, ಬೆಂಗಳೂರು

ಉತ್ತರ: ಅರಳು ಮರಳು ಎಂದು ಷರಾ ಬರೆಯುವ ಮೊದಲು ಆ ಹೊತ್ತಿನಲ್ಲೇ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ. ನೀವು ಹೇಳುವ ಮೂರೂ ಸಕ್ಕರೆ ಇಳಿದಾಗಿನ ಲಕ್ಷಣಗಳು. 70ಕ್ಕಿಂತ ಕಡಿಮೆ ಇದ್ದು, ನುಂಗುವಷ್ಟು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ತಕ್ಷಣ ಊಟ ಬಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಫೋನ್ ಮಾಡಿ. ಸಕ್ಕರೆ ಸರಿಯಿದ್ದೂ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಲಕ್ವದ ಅನುಮಾನ. ಆಗಲೂ ತಡಮಾಡದೆ ಆಸ್ಪತ್ರೆಗೆ.

ಮೊದಲ ವಾರವೇ ಏಕೆ? ಎರಡು ಕಾರಣಗಳಿರಬಹುದು. ಒಂದು, ಅಣ್ಣನ ಮನೆಯಲ್ಲಿ ಎಂಟಕ್ಕೆ ಊಟವಿದ್ದು, ನಿಮ್ಮಲ್ಲಿ ಆಫೀಸಿನಿಂದ ಎಲ್ಲರೂ ಬಂದು ತಟ್ಟೆ ಹಾಕುವಾಗ ಒಂಬತ್ತೂವರೆ ಆಗುತ್ತಿರಬಹುದು. ಊಟಕ್ಕೆ ಮುಂಚಿನ ಮಾತ್ರೆ ಮಾತ್ರ ಹಳೆಯ ರೂಢಿಯಂತೆ ಏಳೂವರೆಗೇ ಹೊಟ್ಟೆ ಸೇರಿರುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಸಕ್ಕರೆ ಇಳಿಸುವ ಮಾತ್ರೆಗಳು ಊಟ ಬರುವವರೆಗೆ ಕಾಯುವುದಿಲ್ಲ. ಕಿಡ್ನಿ ಸ್ವಲ್ಪ ನಿಧಾನವಾಗಿದ್ದರೆ ಅವುಗಳ ಪ್ರಭಾವ ಮರುದಿನಕ್ಕೂ ಉಳಿಯಬಹುದು. ಆದ್ದರಿಂದ ಒಮ್ಮೆ ಸಕ್ಕರೆ ಇಳಿದವರನ್ನು ಅದೇ ದಿನ ಡಾಕ್ಟರಿಗೆ ತೋರಿಸಿ, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನೂ ಮಾಡಿಸಿ.

ಎರಡನೆಯದು ಇನ್ನೂ ಸಾಮಾನ್ಯ. ಎರಡು ಊರು, ಇಬ್ಬರು ಡಾಕ್ಟರು, ಎರಡು ಚೀಟಿ. ಕಂಪನಿ ಹೆಸರು ಬೇರೆ, ಒಳಗಿನ ಔಷಧ ಒಂದೇ. ಮನೆಯವರು ಎರಡನ್ನೂ ಶ್ರದ್ಧೆಯಿಂದ ನುಂಗಿಸುತ್ತಿರುತ್ತಾರೆ! ಒಂದು ಭಾನುವಾರ ತಂದೆಯ ಚೀಲವನ್ನು ಟೇಬಲ್ಲಿನ ಮೇಲೆ ಸುರಿಯಿರಿ. ನೋವಿನ ಮಾತ್ರೆ, ನಾಟಿ ಔಷಧದ ಡಬ್ಬಿ ಯಾವುದನ್ನೂ ಬಿಡಬೇಡಿ. ಪ್ರತಿ ಪಟ್ಟಿಯ ಮೇಲೆ ದೊಡ್ಡ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು, ಮಿಲಿಗ್ರಾಂ, ಎಷ್ಟು ಹೊತ್ತಿಗೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದೇ ಹೆಸರು ಎರಡು ಸಲ ಬಂದರೆ ಆ ಪುಟವನ್ನೇ ಡಾಕ್ಟರಿಗೆ ತೋರಿಸಿ. ಆ ನೋಟ್‌ಬುಕ್ ಅವರ ಜೊತೆಗೇ ಬಸ್ಸು ಹತ್ತಬೇಕು. ಮುಖ್ಯ ಡಾಕ್ಟರು ಒಬ್ಬರೇ ಇರಲಿ, ಇನ್ನೊಂದು ಊರಿನವರು ಏನಾದರೂ ಬದಲಿಸಿದರೆ ಅವರಿಗೆ ತಿಳಿಯಲಿ. ಯಾರ ಊಟ ಎಷ್ಟು ಹೊತ್ತಿಗೇ ಆಗಲಿ, ತಂದೆಯದು ಎಂಟಕ್ಕೇ ಆಗಲಿ. ಎಲ್ಲರಿಗಾಗಿ ಕಾಯಿಸುವ ಪ್ರೀತಿ ಇಲ್ಲಿ ಬೇಡ.

ಹಾಗೆಯೇ, ಎರಡೂ ಮನೆಯಲ್ಲಿ ಮಂಚದಿಂದ ಒಂದೇ ಮಗ್ಗುಲಿಗೆ ಇಳಿಯುವಂತೆ ಹಾಕಿ. ರಾತ್ರಿ ಎದ್ದವರು ಹಳೆಯ ಮನೆಯ ಲೆಕ್ಕದಲ್ಲೇ ಕಾಲಿಡುತ್ತಾರೆ.

ಪ್ರಶ್ನೆ: ತಾಯಿಗೆ 71. ಹಳ್ಳಿಮನೆಯಲ್ಲಿ ಒಬ್ಬರೇ ಇದ್ದಾರೆ. ರಾತ್ರಿ ಎದ್ದಾಗ ತಲೆ ಸುತ್ತಿ ಬಚ್ಚಲಿನಲ್ಲಿ ಬಿದ್ದರು, ಮೂಳೆ ಮುರಿದಿಲ್ಲ. ನಮ್ಮ ಜೊತೆ ಬರಲು ಒಪ್ಪುತ್ತಿಲ್ಲ.
– ಓದುಗರು, ಸಾಗರ

ಉತ್ತರ: ತಾಯಿಯನ್ನು ಊರಿನಿಂದ ಎಬ್ಬಿಸುವ ಮೊದಲು ಬಚ್ಚಲನ್ನೂ ಬಿಪಿಯನ್ನೂ ನೋಡಿ. ಐದು ನಿಮಿಷ ಮಲಗಿಸಿ ಬಿಪಿ ಅಳೆಯಿರಿ. ನಿಂತ ಮೇಲೆ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿಗೆ ಕಾರಣ ಸಿಕ್ಕಂತೆ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ರಾತ್ರಿ ಏಳಬೇಕಾಗುತ್ತದೆಂದು ನೀರನ್ನೇ ಕಡಿಮೆ ಮಾಡುವುದು, ಇವು ಸಾಮಾನ್ಯ ಕಾರಣಗಳು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಪ್ರಮಾಣ ಡಾಕ್ಟರು ಹೊಂದಿಸಲಿ. ನೀರನ್ನು ಹಗಲಿನಲ್ಲೇ ಹೆಚ್ಚು ಕುಡಿಯಲಿ (ಹೃದಯ, ಕಿಡ್ನಿ ತೊಂದರೆಗೆ ನೀರು ಮಿತಿ ಮಾಡಿದ್ದರೆ ಕೇಳಿಕೊಂಡು). ಎದ್ದ ಕೂಡಲೇ ನಡೆಯದೆ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಪಾದ ಮೇಲೆ ಕೆಳಗೆ ಆಡಿಸಿ ಆಮೇಲೆ ನಿಲ್ಲಲಿ.

ಬಚ್ಚಲಿನ ಪಾಚಿ ಉಜ್ಜಿಸಿ. ಕೂತು ಏಳುವ ಜಾಗದ ಪಕ್ಕ, ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ ಸ್ಟೀಲ್ ಹಿಡಿಕೆಯನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿ. ಟವೆಲ್ ರಾಡ್ ಮೈಭಾರ ತಡೆಯದೆ ಕಿತ್ತು ಬರುತ್ತದೆ, ರಬ್ಬರ್ ಬಟ್ಟಲಿನಿಂದ ಅಂಟಿಸುವ ಹಿಡಿಕೆಯೂ ಬೇಡ. ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲ, ಚಾರ್ಜ್ ಲೈಟ್ ದಿಂಬಿನ ಪಕ್ಕ ಇರಲಿ. ಬಿದ್ದವರಿಗೆ ಮೇಜಿನ ಮೇಲಿನ ಫೋನ್ ಎಟುಕುವುದಿಲ್ಲ. ಕುತ್ತಿಗೆಗೆ ಹಾಕುವ ಚೀಲದಲ್ಲಿಟ್ಟರೆ ಒಳ್ಳೆಯದು. ಪಕ್ಕದ ಮನೆಯಲ್ಲಿ ಒಂದು ಕೀಲಿಕೈ ಕೊಟ್ಟಿಡಿ.

ರಾತ್ರಿ ಏನು ಉಣ್ಣುತ್ತಾರೆಂದೂ ಕೇಳಿ. ಒಬ್ಬಳಿಗೆಂದು ಏನು ಬೇಯಿಸುವುದು ಎಂದು ಅವಲಕ್ಕಿ ಮಜ್ಜಿಗೆಯಲ್ಲಿ ಮುಗಿಸುವವರೇ ಹೆಚ್ಚು, ಕಾಲಿನ ಬಲ ಕುಗ್ಗುವುದಕ್ಕೆ ಅದೂ ಒಂದು ಕಾರಣ. 50 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಒಂದು ಲೋಟ ಹಾಲಿನಲ್ಲಿ ಸಿಗುವುದು ಆರು ಗ್ರಾಂ, ಒಂದು ಹಿಡಿ ಬೇಳೆಯಲ್ಲಿ ಏಳು.

ಪ್ರಶ್ನೆ: ಅತ್ತೆಯವರೇ ವೃದ್ಧಾಶ್ರಮಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾರೆ. ಏನು ವಿಚಾರಿಸಬೇಕು?
– ಓದುಗರು, ಮೈಸೂರು

ಉತ್ತರ: ರಾತ್ರಿ ಯಾರು ಎಚ್ಚರವಿರುತ್ತಾರೆ, ಮಾತ್ರೆ ಯಾರು ಕೊಟ್ಟು ಎಲ್ಲಿ ಬರೆದಿಡುತ್ತಾರೆ, ಬಿದ್ದರೆ ಯಾವ ಆಸ್ಪತ್ರೆಗೆ ಯಾವ ಗಾಡಿಯಲ್ಲಿ ಒಯ್ಯುತ್ತಾರೆ. ಬಣ್ಣದ ಕೈಪಿಡಿಗಿಂತ ಈ ಮೂರಕ್ಕೆ ಸಿಗುವ ಉತ್ತರ ಮುಖ್ಯ. ಊಟದ ಹೊತ್ತಿಗೆ ಹೇಳದೆ ಒಮ್ಮೆ ಹೋಗಿ ನೋಡಿ. ಸೇರಿದ ದಿನ ತೂಕ ಬರೆಸಿ, ಪ್ರತಿ ತಿಂಗಳೂ ನೋಡಿಸಿ. 60 ಕಿಲೋದವರು ತಿಂಗಳಲ್ಲಿ ಮೂರು ಕಿಲೋ ಇಳಿದರೆ ಡಾಕ್ಟರಿಗೆ ತೋರಿಸಬೇಕು. 70 ದಾಟಿದ್ದರೆ ಆಯುಷ್ಮಾನ್ ಕಾರ್ಡ್ ಈಗಲೇ ಮಾಡಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567 ಅನ್ನು ಅವರ ಫೋನಿನಲ್ಲೇ ಉಳಿಸಿಕೊಡಿ.